ಹುಲ್ಲಿಗೆ ಗೊಬ್ಬರ ಹಾಕುವ ಮುನ್ನ ಬೇರು ನೋಡಿ: ಧಾರವಾಡ, ಗದಗ, ಹಾವೇರಿಯ ಮೇವು ಬೆಳೆಗಾರರಿಗೆ

ಕುಂದಗೋಳದ ಕಡೆ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹದಿನೈದು ಗುಂಟೆ ಹೈಬ್ರಿಡ್ ನೇಪಿಯರ್ ಇದೆ. ನಾಟಿ ಮಾಡಿದ ಮೊದಲ ಎರಡು ವರ್ಷ ಪ್ರತಿ ಕೊಯ್ಲಿನ ಮರುದಿನ ಯೂರಿಯಾ ಎರಚಿ ನೀರು ಬಿಡುತ್ತಿದ್ದೆ. ಆಳೆತ್ತರದ ಕಡುಹಸಿರು ಮೇವು ಬರುತ್ತಿತ್ತು. ಮೂರನೆಯ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಇಪ್ಪತ್ತು ದಿನ ನೀರು ತಪ್ಪಿತು. ಅಷ್ಟಕ್ಕೇ ಅರ್ಧದಷ್ಟು ಬುಡಗಳು ಒಣಗಿದವು. ಕುಡಗೋಲು ಹಾಕಿ ಎಳೆದರೆ ಬುಡವೇ ಕಿತ್ತು ಕೈಗೆ ಬರುತ್ತಿತ್ತು. ಪಕ್ಕದ ಹೊಲದ ಹಿರಿಯರು, ನಾನು ಕಾಕಾ ಎಂದು ಕರೆಯುವವರು, ಹಾಗೆ ಕಿತ್ತು ಬಂದ ಒಂದು ಬುಡವನ್ನು ತಲೆಕೆಳಗೆ ಹಿಡಿದು ನೋಡಿ, “ತಮ್ಮಾ, ಇದಕ್ಕೆ ತಲೆ ಬೆಳೆದಿದೆ, ಕಾಲೇ ಇಲ್ಲವಲ್ಲ” ಎಂದರು. ಅವರ ಬದುವಿನ ಮೇಲಿದ್ದ ಗಿನಿ ಹುಲ್ಲು ತಿಪ್ಪೆ ಗೊಬ್ಬರ ಬಿಟ್ಟು ಬೇರೆ ಏನನ್ನೂ ಕಂಡಿರಲಿಲ್ಲ. ಅದೇ ಬಿಸಿಲಿನಲ್ಲಿ ಅದು ಹಸಿರಾಗಿ ನಿಂತಿತ್ತು.

ಅಂದಿನಿಂದ ನಾನು ಗೊಬ್ಬರದ ಚೀಲ ಬಿಚ್ಚುವ ಮೊದಲು ಸಲಿಕೆ ಹಿಡಿಯುತ್ತೇನೆ. ಯಾವ ಪೋಷಕಾಂಶ, ಎಷ್ಟು, ಎಲ್ಲಿ, ಯಾವಾಗ ಸಿಕ್ಕಿತು ಎಂಬುದರ ಮೇಲೆ ಹುಲ್ಲು ತನ್ನ ಬೇರನ್ನು ಬೆಳೆಸುವ ರೀತಿಯನ್ನೇ ಬದಲಿಸುತ್ತದೆ. ನೇಪಿಯರ್, ಗಿನಿ, ರೋಡ್ಸ್, ಅಂಜನ, ಈ ಎಲ್ಲ ಉಷ್ಣವಲಯದ ಮೇವಿನ ಹುಲ್ಲುಗಳಿಗೂ ಈ ಮಾತು ಸಲ್ಲುತ್ತದೆ. ವರ್ಷಗಟ್ಟಲೆ ಒಂದೇ ಬುಡದಿಂದ ಕೊಯ್ಯುವವರು ಇದನ್ನು ಅರಿತಿರಲೇಬೇಕು.

ಮೊದಲು ಒಂದು ಬುಡ ಅಗೆಯಿರಿ

ಮಳೆಯಾದ ಮೂರು ನಾಲ್ಕು ದಿನಕ್ಕೆ, ಇಲ್ಲವೇ ನೀರು ಹಾಯಿಸಿದ ಮೇಲೆ ಹದ ಬಂದಾಗ ಅಗೆಯಬೇಕು. ಬಿರುಕು ಬಿಟ್ಟ ಎರೆಯಲ್ಲಿ ಅಗೆದರೆ ಬೇರು ಹರಿಯುತ್ತದೆ, ಕೆಸರಿನಲ್ಲಿ ಅಗೆದರೆ ಏನೂ ಕಾಣುವುದಿಲ್ಲ. ತೀರಾ ಚೆನ್ನಾಗಿರುವ ಬುಡ, ತೀರಾ ಸೊರಗಿದ ಬುಡ ಎರಡನ್ನೂ ಬಿಟ್ಟು ಸಾಧಾರಣವಾಗಿರುವ ಒಂದನ್ನು ಆರಿಸಿ. ಬುಡದಿಂದ ಅರ್ಧ ಅಡಿ ಬಿಟ್ಟು, ಎರಡು ಬುಡಗಳ ನಡುವೆ, ಉದ್ದ, ಅಗಲ, ಆಳ ಮೂರೂ ಇಪ್ಪತ್ತು ಸೆಂಟಿಮೀಟರ್ ಇರುವ ಮಣ್ಣಿನ ಗಟ್ಟಿಯನ್ನು ಎತ್ತಿ. ಅದರ ಕೆಳಗಿನಿಂದ ಅಷ್ಟೇ ಅಳತೆಯ ಇನ್ನೊಂದನ್ನು ತೆಗೆಯಿರಿ. ಎರಡನ್ನೂ ಬೇರೆ ಬೇರೆ ಬಕೆಟ್‌ನಲ್ಲಿ ರಾತ್ರಿಯಿಡೀ ನೆನೆಸಿಡಿ. ಕೆಂಪು ಮಸಾರಿ ಮಣ್ಣು ತಾನಾಗಿಯೇ ಕರಗುತ್ತದೆ. ಎರೆ ಮಣ್ಣು ಅಂಟಿಕೊಂಡೇ ಇರುತ್ತದೆ, ಬಕೆಟ್‌ಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿದರೆ ಬಿಡಿಸಿಕೊಳ್ಳುತ್ತದೆ. ಬೆಳಿಗ್ಗೆ ಸಣ್ಣ ಕಣ್ಣಿನ ಜರಡಿಯ ಮೇಲೆ ಸುರಿದು ನಿಧಾನವಾಗಿ ತೊಳೆಯಿರಿ.

ಹುಲ್ಲಿಗೆ ತೊಗರಿಯಂತೆ ತಾಯಿಬೇರು ಇಲ್ಲ. ಬುಡದ ಗೆಣ್ಣುಗಳಿಂದ ದಾರದಂಥ ಬೇರುಗಳು ಕಟ್ಟುಕಟ್ಟಾಗಿ ಹೊರಡುತ್ತವೆ. ಪ್ರತಿ ಹೊಸ ತೆಂಡೆಯೂ, ಅಂದರೆ ಬುಡದಿಂದ ಒಡೆಯುವ ಮರಿ ಕಾಂಡವೂ, ತನ್ನದೇ ಬೇರುಗಳನ್ನು ಬಿಡುವುದರಿಂದ, ತೆಂಡೆ ಕಡಿಮೆಯಾದರೆ ಬೇರೂ ಕಡಿಮೆ. ತೊಳೆದ ಬೇರಿನಲ್ಲಿ ಮೂರು ಸಂಗತಿಗಳನ್ನು ನೋಡಿ. ಒಂದು, ಬಣ್ಣ: ಜೀವಂತ ಬೇರು ಬೆಳ್ಳಗೆ ಅಥವಾ ನಸುಹಳದಿಯಾಗಿರುತ್ತದೆ, ಸತ್ತದ್ದು ಕಂದಾಗಿ, ಉಗುರಿನಲ್ಲಿ ಎಳೆದರೆ ಸಿಪ್ಪೆ ಜಾರುತ್ತದೆ. ಎರಡು, ಕವಲು: ದಪ್ಪ ಬೇರಿನಿಂದ ಸಣ್ಣ ಬೇರುಗಳು ದಟ್ಟವಾಗಿ ಒಡೆದಿವೆಯೇ? ಮೂರು, ಆಳ: ಕೆಳಗಿನ ಗಟ್ಟಿಯಲ್ಲಿ ಬಿಳಿ ಬೇರು ಎಷ್ಟಿದೆ? ನನ್ನ ಒಣಗಿದ ತಾಕಿನಲ್ಲಿ ಮೇಲಿನ ಗಟ್ಟಿಯಲ್ಲಿ ಚಾಪೆಯಂತೆ ಹೆಣೆದ ಬೇರಿತ್ತು, ಕೆಳಗಿನದರಲ್ಲಿ ನಾಲ್ಕೈದು ಎಳೆ ಮಾತ್ರ. ಬೇಸಿಗೆಯಲ್ಲಿ ನೀರಿರುವುದು ಆ ಕೆಳಗಿನ ಪದರದಲ್ಲೇ.

ಬೇರು ಏನು ಹೇಳುತ್ತಿದೆ

ಯೂರಿಯಾದಿಂದ ಸಿಗುವ ಪೋಷಕಾಂಶ ಸಾರಜನಕ. ಅದು ಸಾಲದಿದ್ದಾಗ ಹುಲ್ಲು ತನ್ನ ಎಲೆಗಳಲ್ಲಿ ತಯಾರಾದ ಸಕ್ಕರೆಯ ಹೆಚ್ಚಿನ ಪಾಲನ್ನು ಕೆಳಗೆ ಕಳಿಸುತ್ತದೆ. ಮೇಲೆ ಬೆಳೆ ಸೊರಗಿ, ತೆಂಡೆ ಕಡಿಮೆಯಾಗಿ, ಎಲೆ ತಿಳಿಹಳದಿಯಾದರೂ ಮೇಲ್ಭಾಗಕ್ಕೆ ಹೋಲಿಸಿದರೆ ಬೇರಿನ ಪಾಲು ಹೆಚ್ಚಿರುತ್ತದೆ. ಬೇರುಗಳು ಉದ್ದವಾಗಿ, ತೆಳ್ಳಗೆ, ಕವಲು ಕಡಿಮೆಯಾಗಿ ಆಳಕ್ಕೆ ಹುಡುಕುತ್ತಾ ಹೋಗುತ್ತವೆ. ಸಾರಜನಕ ಧಾರಾಳವಾದಾಗ ಲೆಕ್ಕ ತಿರುಗುತ್ತದೆ. ಎಲೆಯೇ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ, ಬೇರಿನ ಪಾಲು ಇಳಿಯುತ್ತದೆ. ಇಲ್ಲಿ ತಪ್ಪು ತಿಳಿಯಬಾರದು. ಹಸಿದ ಹುಲ್ಲಿಗೆ ಹಿತಮಿತವಾಗಿ ಸಾರಜನಕ ಕೊಟ್ಟರೆ ತೆಂಡೆ ಹೆಚ್ಚಿ ಒಟ್ಟು ಬೇರೂ ಹೆಚ್ಚುತ್ತದೆ. ಅಳತೆ ಮೀರಿ, ಉಳಿದ ಪೋಷಕಾಂಶಗಳಿಲ್ಲದೆ, ಪದೇ ಪದೇ ಕೊಟ್ಟಾಗ ಮಾತ್ರ ನನ್ನ ಹೊಲದಲ್ಲಿ ಆದದ್ದು ಆಗುತ್ತದೆ.

ರಂಜಕದ ಕಥೆ ಬೇರೆ. ನೈಟ್ರೇಟ್ ರೂಪದ ಸಾರಜನಕ ನೀರಿನ ಜೊತೆ ಹರಿದು ಬೇರಿನ ಬಳಿಗೆ ಬರುತ್ತದೆ. ರಂಜಕ ಮಣ್ಣಿನಲ್ಲಿ ಹಾಕಿದ ಜಾಗ ಬಿಟ್ಟು ಕದಲುವುದೇ ಕಡಿಮೆ. ನಮ್ಮ ಎರೆಯಲ್ಲಿ ಸುಣ್ಣ ಅದನ್ನು ಹಿಡಿದಿಡುತ್ತದೆ. ಕಲಘಟಗಿ, ಹಾನಗಲ್ ಕಡೆಯ ಹುಳಿ ಗುಣದ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಡುತ್ತವೆ. ಹಾಗಾಗಿ ಬೇರೇ ಅದರ ಬಳಿಗೆ ಹೋಗಬೇಕು. ರಂಜಕ ಕಡಿಮೆಯಾದಾಗ ಹುಲ್ಲು ಬೇರುಗೂದಲನ್ನು ಉದ್ದವಾಗಿ, ದಟ್ಟವಾಗಿ ಬೆಳೆಸುತ್ತದೆ, ಬೇರಿನೊಳಗೆ ವಾಸಿಸುವ ಮೈಕೋರೈಜಾ ಶಿಲೀಂಧ್ರದ ನೆರವನ್ನೂ ಪಡೆಯುತ್ತದೆ. ಅಷ್ಟಾದರೂ ಸಾಲದಿದ್ದರೆ ತೆಂಡೆ ಒಡೆಯುವುದೇ ನಿಲ್ಲುತ್ತದೆ. ನಾಟಿಯ ಮೊದಲ ಎರಡು ತಿಂಗಳಲ್ಲಿ ಬುಡ ಹರಡದೆ ನಿಂತರೆ, ಹಳೆಯ ಎಲೆಯಲ್ಲಿ ನೇರಳೆ ಛಾಯೆ ಕಂಡರೆ, ಮೊದಲ ಗುಮಾನಿ ರಂಜಕದ ಮೇಲೆ.

ಪೊಟ್ಯಾಶ್ ಮತ್ತು ಮೆಗ್ನೀಷಿಯಂ ಕೊರತೆ ಇದಕ್ಕೆ ವಿರುದ್ಧವಾದ ಪೆಟ್ಟು ಕೊಡುತ್ತದೆ. ಬೀನ್ಸ್ ಗಿಡಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ: ರಂಜಕ ಕೊರತೆಯಾದಾಗ ಬೇರಿನ ಪಾಲು ಹೆಚ್ಚಿತು, ಪೊಟ್ಯಾಶ್, ಮೆಗ್ನೀಷಿಯಂ ಕೊರತೆಯಾದಾಗ ಸಕ್ಕರೆ ಎಲೆಯಲ್ಲೇ ಸಿಕ್ಕಿಕೊಂಡು ಬೇರು ಉಪವಾಸ ಬಿತ್ತು. ಎಲೆಯಿಂದ ಬೇರಿಗೆ ಸಕ್ಕರೆ ಸಾಗಿಸುವ ಕೆಲಸಕ್ಕೆ ಈ ಎರಡೂ ಬೇಕು. ನಾವು ನೇಪಿಯರ್ ಕೊಯ್ದು ಮನೆಗೆ ಹೊತ್ತು ತರುವಾಗ ಹೊರೆಹೊರೆಯಾಗಿ ಪೊಟ್ಯಾಶ್ ಹೊತ್ತು ತರುತ್ತೇವೆ. ಎರೆ ಭೂಮಿಯಲ್ಲಿ ಸಹಜವಾಗಿಯೇ ಪೊಟ್ಯಾಶ್ ಹೆಚ್ಚು ಎಂದು ನಂಬಿ ಅದನ್ನು ಮರೆಯುತ್ತೇವೆ. ಹಳೆಯ ಎಲೆಗಳ ಅಂಚು ಸುಟ್ಟಂತಾಗುವುದು, ಗಾಳಿಗೆ ಬುಡ ವಾಲುವುದು, ಬೇರು ಮೋಟಾಗಿ ಕಂದಾಗುವುದು ಇದರ ಗುರುತುಗಳು.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಜವೆಗೋಧಿಯ ಬೇರಿನ ಒಂದು ತುಣುಕಿಗೆ ಮಾತ್ರ ಪೋಷಕಾಂಶ ಕೊಟ್ಟು ಮಾಡಿದ ಪ್ರಯೋಗವೊಂದು 1975ರಲ್ಲಿ ಪ್ರಕಟವಾಯಿತು. ನೈಟ್ರೇಟ್, ಅಮೋನಿಯಂ ಅಥವಾ ರಂಜಕ ಸಿಕ್ಕ ಭಾಗದಲ್ಲಿ ಕವಲು ಬೇರುಗಳು ಒತ್ತೊತ್ತಾಗಿ ಒಡೆದವು. ಪೊಟ್ಯಾಶ್ ಸಿಕ್ಕ ಭಾಗದಲ್ಲಿ ಅಂಥ ಬದಲಾವಣೆ ಆಗಲಿಲ್ಲ. ಅಂದರೆ ಸಾರಜನಕ ಮತ್ತು ರಂಜಕವನ್ನು ನಾವು ಎಲ್ಲಿ ಇಡುತ್ತೇವೋ ಅಲ್ಲಿಗೆ ಬೇರನ್ನು ಕರೆಯುತ್ತಿದ್ದೇವೆ. ಮೇಲೆ ಮೇಲೆ ಎರಚಿದವನ ಹೊಲದಲ್ಲಿ ಬೇರು ಮೇಲೆಯೇ ಹೆಣೆದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿ

ಬೇರು ಅರ್ಧ ಕಥೆ ಹೇಳುತ್ತದೆ, ಮಣ್ಣಿನ ವರದಿ ಇನ್ನರ್ಧ ಹೇಳುತ್ತದೆ. ಹೊಲದ ಎಂಟು ಹತ್ತು ಕಡೆ ‘ವಿ’ ಆಕಾರದಲ್ಲಿ ಹದಿನೈದು ಸೆಂಟಿಮೀಟರ್ ಆಳಕ್ಕೆ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಗೊಬ್ಬರ ಹಾಕಿದ ಹೊಸತರಲ್ಲಿ ತೆಗೆಯಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಧಾರವಾಡದವರಿಗೆ ಸೈದಾಪುರ, ಗದಗದವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಸತು ಮತ್ತು ಕಬ್ಬಿಣದ ಸಾಲುಗಳನ್ನು ಬಿಡದೆ ಓದಿ, ನಮ್ಮ ಸುಣ್ಣಯುಕ್ತ ಎರೆಯಲ್ಲಿ ಇವೆರಡೂ ಬೇರಿಗೆ ಸಿಗುವುದು ಕಷ್ಟ.

ನವಲಗುಂದ, ನರಗುಂದದ ಕಾಲುವೆ ಪ್ರದೇಶದವರು ಲವಣಾಂಶವನ್ನೂ ನೋಡಬೇಕು. ಸವಳು ಭೂಮಿಯಲ್ಲಿ ಬೇರು ನೀರನ್ನೇ ಎಳೆದುಕೊಳ್ಳಲಾರದು. ಅಲ್ಲಿ ಗೊಬ್ಬರ ಹೆಚ್ಚಿಸಿದರೆ ಉಪ್ಪಿನ ಮೇಲೆ ಉಪ್ಪು ಸುರಿದಂತೆ. ಬಸಿಗಾಲುವೆ ಮಾಡಿ, ಉಪ್ಪು ತಾಳುವ ರೋಡ್ಸ್ ಹುಲ್ಲು ಹಾಕುವುದು, ನೀರು ನಿಲ್ಲುವ ಮೂಲೆಗೆ ಪ್ಯಾರಾ ಹುಲ್ಲು ಹಾಕುವುದು ಮೇಲು.

ನಾಟಿಯ ದಿನವೇ ಬೇರಿನ ದಾರಿ ತೋರಿಸಿ

ಬೆಳೆ ನಿಂತ ಮೇಲೆ ಆಳಕ್ಕೆ ಗೊಬ್ಬರ ಸೇರಿಸಲು ಅವಕಾಶವಿಲ್ಲ. ಆದ್ದರಿಂದ ಈ ಹೆಜ್ಜೆಗೆ ನಾನು ಎಲ್ಲಕ್ಕಿಂತ ಹೆಚ್ಚು ದುಡ್ಡು, ದಿನ ಎರಡನ್ನೂ ಖರ್ಚು ಮಾಡುತ್ತೇನೆ.

ಮುಂಗಾರಿಗೆ ಮೊದಲು ಆಳವಾಗಿ ರಂಟೆ ಹೊಡೆಯಿರಿ. ಟ್ರ್ಯಾಕ್ಟರ್ ಓಡಾಡಿ ಗಟ್ಟಿಯಾದ ಪದರವಿದ್ದರೆ ಯಾವ ಗೊಬ್ಬರವೂ ಬೇರನ್ನು ಅದರ ಕೆಳಗೆ ಇಳಿಸಲಾರದು. ಮೂರು ಅಡಿಗೊಂದು ಸಾಲು ತೆಗೆದು, ಸಾಲಿನಲ್ಲಿ ಎರಡು ಅಡಿಗೊಂದು ಬುಡ ಕೂರಿಸುವುದು ನನ್ನ ರೂಢಿ. ಎಕರೆಗೆ ಎಂಟರಿಂದ ಹತ್ತು ಟನ್ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರವನ್ನು ಸಾಲಿನ ತಳಕ್ಕೇ ಹಾಕಿ. ಅದರ ಮೇಲೆ ಎಕರೆಗೆ ಮೂರು ಚೀಲ, ಅಂದರೆ 150 ಕೆಜಿ ಸೂಪರ್ ಫಾಸ್ಫೇಟ್. ಇದರಿಂದ 24 ಕೆಜಿ ರಂಜಕ ಸಿಗುತ್ತದೆ, ಜೊತೆಗೆ ಹದಿನಾರು ಕೆಜಿಯಷ್ಟು ಗಂಧಕವೂ ಸಿಗುತ್ತದೆ. ರಂಜಕ ಕೊಡುವ ಇನ್ನೊಂದು ಗೊಬ್ಬರವಾದ ಡಿಎಪಿಯಲ್ಲಿ ಆ ಗಂಧಕವಿಲ್ಲ, ಅದಕ್ಕೇ ಹುಲ್ಲಿಗೆ ನಾನು ಸೂಪರ್ ಫಾಸ್ಫೇಟನ್ನೇ ಆರಿಸುತ್ತೇನೆ. ಮ್ಯೂರಿಯೇಟ್ ಆಫ್ ಪೊಟ್ಯಾಶ್ ಎಕರೆಗೆ 25 ಕೆಜಿ, ಮಸಾರಿಯಾದರೆ ಇನ್ನೊಂದಷ್ಟು. ಇವು ನನ್ನ ಹೊಲದ ಅಳತೆಗಳು. ನಿಮ್ಮ ವರದಿ ಬೇರೆ ಹೇಳಿದರೆ ವರದಿಯನ್ನೇ ಹಿಡಿಯಿರಿ.

ಸತುವಿನ ಕೊರತೆ ಇದ್ದರೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟನ್ನು ತಿಪ್ಪೆ ಗೊಬ್ಬರದಲ್ಲಿ ಬೆರೆಸಿ ಹಾಕಿ. ಸೂಪರ್ ಫಾಸ್ಫೇಟ್ ಜೊತೆ ನೇರವಾಗಿ ಕಲಸಬೇಡಿ, ಒಂದನ್ನೊಂದು ಕಟ್ಟಿಹಾಕುತ್ತವೆ. ಸಾಲಿನ ತಳದ ಈ ಗೊಬ್ಬರದ ಮೇಲೆ ಎರಡು ಮೂರು ಅಂಗುಲ ಮಣ್ಣು ಎಳೆದು, ಆಮೇಲೆ ಕಾಂಡದ ತುಂಡು ನೆಡಿ. ತುಂಡಿನ ಕಣ್ಣಿಗೆ, ಅಂದರೆ ಚಿಗುರು ಒಡೆಯುವ ಗೆಣ್ಣಿಗೆ, ನೇರವಾಗಿ ರಾಸಾಯನಿಕ ಗೊಬ್ಬರ ತಾಗಿದರೆ ಎಳೆಯ ಬೇರು ಸುಡುತ್ತದೆ. ಮೂರು ಕಣ್ಣಿನ ತುಂಡಾದರೆ ಎರಡು ಕಣ್ಣು ಮಣ್ಣಿನೊಳಗೆ, ಒಂದು ಹೊರಗೆ ಇರುವಂತೆ ಓರೆಯಾಗಿ ನೆಡಬೇಕು. ಗಿನಿ ಹುಲ್ಲಾದರೆ ಹಳೆಯ ಬುಡ ಸೀಳಿದ ಬೇರುಸಹಿತ ತೆಂಡೆ ಉತ್ತಮ.

ತಳಿಯ ಬಗ್ಗೆ ಒಂದು ಮಾತು. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ನಮ್ಮ ಧಾರವಾಡದಲ್ಲೇ ಇದೆ. ಸಂಪೂರ್ಣ ಎಂದು ಕರೆಯುವ ಡಿಎಚ್‌ಎನ್-6 ನೇಪಿಯರ್ ಅಲ್ಲಿಯದು. ದೂರದಿಂದ ತಂದ ಹೆಸರಿಲ್ಲದ ತುಂಡಿಗೆ ಹಣ ಸುರಿಯುವುದಕ್ಕಿಂತ ಮೊದಲು ಅಲ್ಲಿ ಕೇಳಿ ನೋಡಿ.

ಕೊಯ್ದ ಮೇಲೆ ಐದಾರು ದಿನ ತಡೆಯಿರಿ

ಕೊಯ್ಲು ಎಂದರೆ ಬೇರಿಗೆ ಊಟ ನಿಂತಂತೆ. ಅಮೆರಿಕದಲ್ಲಿ 1955ರಲ್ಲಿ ಪ್ರಕಟವಾದ ಒಂದು ಹಳೆಯ ಅಧ್ಯಯನದಲ್ಲಿ, ಎಲೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿದಾಗ ಬಹುತೇಕ ಹುಲ್ಲುಗಳ ಬೇರು ಬೆಳೆಯುವುದನ್ನೇ ನಿಲ್ಲಿಸಿತ್ತು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ದಿನ ನಿಂತಿತ್ತು. ನಾವು ನೇಪಿಯರನ್ನು ಬಹುಪಾಲು ಬೋಳಿಸಿಯೇ ಬಿಡುತ್ತೇವೆ. ಆಗ ಹೊಸ ಚಿಗುರು ಬರುವುದು ಬುಡದಲ್ಲಿ ಉಳಿದ ಸಂಗ್ರಹದಿಂದ. ಬೇರು ಆ ದಿನಗಳಲ್ಲಿ ಮಣ್ಣಿನಿಂದ ಎಳೆದುಕೊಳ್ಳುವುದು ತೀರಾ ಕಡಿಮೆ. ಕೊಯ್ದ ಮರುದಿನ ಎರಚಿದ ಯೂರಿಯಾ ಯಾರಿಗಾಗಿ ಕಾಯಬೇಕು? ಸುಣ್ಣ ಹೆಚ್ಚಿರುವ ಎರೆಯ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮೂಗಿಗೂ ತಿಳಿಯುತ್ತದೆ.

ಆದ್ದರಿಂದ ನೆಲದಿಂದ ನಾಲ್ಕರಿಂದ ಆರು ಅಂಗುಲ ಮೋಟು ಉಳಿಸಿ ಕೊಯ್ಯಿರಿ. ಐದಾರು ದಿನಕ್ಕೆ ಚಿಗುರು ಗೇಣುದ್ದವಾಗುವ ಮೊದಲೇ ಸಾಲಿನ ಪಕ್ಕ ಗುದ್ದಲಿಯಿಂದ ಗೀರಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ಅಂದೇ ನೀರು ಕೊಡಿ. ಕೂಲಿ ಹೆಚ್ಚಾಗುತ್ತದೆ, ನಿಜ. ಆದರೆ ಎಂಟು ಹತ್ತು ಸೆಂಟಿಮೀಟರ್ ಕೆಳಗೆ ಇಟ್ಟ ಗೊಬ್ಬರ ಬೇರನ್ನು ಅಲ್ಲಿಗೇ ಇಳಿಸುತ್ತದೆ.

ಎಷ್ಟು ಹಾಕಬೇಕು? ಲೆಕ್ಕ ಹಾಕೋಣ. ಎಕರೆಯಿಂದ ಒಂದು ಕೊಯ್ಲಿಗೆ 10 ಟನ್ ಹಸಿ ಮೇವು ಬಂತು ಎಂದುಕೊಳ್ಳಿ. ಅದರಲ್ಲಿ ಐದನೆಯ ಒಂದು ಪಾಲು, ಅಂದರೆ 2 ಟನ್, ಒಣ ಪದಾರ್ಥ. ಅದರಲ್ಲಿ ಶೇಕಡ 8ರಿಂದ 10ರಷ್ಟು ಪ್ರೋಟೀನ್ ಇದ್ದರೆ 160ರಿಂದ 200 ಕೆಜಿ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ: ಸುಮಾರು 26ರಿಂದ 32 ಕೆಜಿ. ಒಂದು ಕೊಯ್ಲಿಗೆ ಹೊಲದಿಂದ ಅಷ್ಟು ಹೊರಟಿತು. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿರುವುದು 21 ಕೆಜಿಗಿಂತ ಕಡಿಮೆ. ಹೊರಟದ್ದನ್ನೆಲ್ಲ ಚೀಲದಿಂದಲೇ ತುಂಬಲು ಹೋಗುವುದು ನಾನು ಮಾಡಿದ ತಪ್ಪು. ಈಗ ಎಕರೆಯ ಲೆಕ್ಕದಲ್ಲಿ ಕೊಯ್ಲಿಗೆ ಅರ್ಧದಿಂದ ಮುಕ್ಕಾಲು ಚೀಲ ಯೂರಿಯಾ ಹಾಕುತ್ತೇನೆ, ಉಳಿದದ್ದನ್ನು ಕೊಟ್ಟಿಗೆಯಿಂದ ಹಿಂದಿರುಗಿಸುತ್ತೇನೆ. ಎರಡು ಕೊಯ್ಲಿಗೊಮ್ಮೆ ಯೂರಿಯಾ ಜೊತೆ ಹತ್ತು ಹನ್ನೆರಡು ಕೆಜಿ ಪೊಟ್ಯಾಶ್ ಸೇರಿಸುತ್ತೇನೆ.

ಕೊಟ್ಟಿಗೆಯ ಲೆಕ್ಕವೆಂದರೆ ಸಗಣಿಯೊಂದೇ ಅಲ್ಲ. ದನ ತಿಂದ ಮೇವಿನ ಪೊಟ್ಯಾಶ್‌ನ ದೊಡ್ಡ ಪಾಲು ಮೂತ್ರದಲ್ಲಿ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ತೊಳೆದ ನೀರು ರಸ್ತೆಯ ಗಟಾರ ಸೇರುತ್ತದೆ. ನಾನು ಒಂದು ಗುಂಡಿ ತೋಡಿ, ಅಲ್ಲಿಂದ ಪೈಪಿನಲ್ಲಿ ಆ ನೀರನ್ನು ನೇಪಿಯರ್ ಸಾಲಿಗೆ ತಿರುಗಿಸಿದೆ. ಒಂದೇ ಸಾಲಿಗೆ ದಿನವೂ ಬಿಡದೆ, ಸರದಿಯಲ್ಲಿ ತಿರುಗಿಸಬೇಕು. ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮೊದಲು, ಸಾಲಿನ ನಡುವೆ ಕುಂಟೆ ಹೊಡೆದು ತಿಪ್ಪೆ ಗೊಬ್ಬರ ಸೇರಿಸಿ.

ಯೂರಿಯಾ ಅತಿಯಾಗಿ ಹಾಕಿದ ಮೇಲೆ ಬರ ಬಿದ್ದರೆ ಮೇವಿನಲ್ಲಿ ನೈಟ್ರೇಟ್ ಕೂಡಿಕೊಂಡು ದನಕ್ಕೆ ವಿಷವಾಗುವ ಅಪಾಯವಿದೆ. ಬಾಡಿದ, ಕುಗ್ಗಿದ ನೇಪಿಯರನ್ನು ಹಸಿದ ಹಸುವಿಗೆ ಹೊಟ್ಟೆ ತುಂಬ ಹಾಕಬೇಡಿ, ಜೋಳದ ಕಣಿಕೆ ಬೆರೆಸಿ.

ಹಳದಿ ಕಂಡ ತಕ್ಷಣ ಯೂರಿಯಾ ಬೇಡ

ಶ್ರಾವಣದ ಜಡಿಮಳೆಯಲ್ಲಿ ಎರೆ ಹೊಲದ ಹುಲ್ಲು ಹಳದಿಯಾಗುತ್ತದೆ. ಬುಡ ಅಗೆದು ನೋಡಿದರೆ ಬೇರು ಕಪ್ಪಾಗಿ, ಕೊಳೆತ ವಾಸನೆ ಬರುತ್ತಿರುತ್ತದೆ. ಅದು ಗಾಳಿಯ ಹಸಿವು. ಉಸಿರಾಡದ ಬೇರು ಎದುರಿಗಿರುವ ಗೊಬ್ಬರವನ್ನೂ ತೆಗೆದುಕೊಳ್ಳುವುದಿಲ್ಲ. ಮೊದಲು ನೀರು ಬಸಿಯಿರಿ, ಗೊಬ್ಬರ ಆಮೇಲೆ. ಹೊಸದಾಗಿ ನೆಡುವವರು ಎರೆಯಲ್ಲಿ ದಿಬ್ಬದ ಮಗ್ಗುಲಿಗೆ ನೆಟ್ಟರೆ ಈ ತೊಂದರೆ ಕಡಿಮೆ.

ಮಳೆ ನಿಂತ ಮೇಲೂ ಎಳೆಯ ಎಲೆಯ ನರಗಳು ಹಸಿರಾಗಿದ್ದು ನಡುವೆ ಹಳದಿ ಪಟ್ಟಿ ಕಂಡರೆ ಕಬ್ಬಿಣದ ಕೊರತೆ. ಹುಲ್ಲಿನ ಬೇರು ಮಣ್ಣಿನ ಕಬ್ಬಿಣವನ್ನು ಹಿಡಿದು ತರುವ ವಿಶೇಷ ದ್ರವ್ಯವನ್ನು ತಾನೇ ಸ್ರವಿಸುತ್ತದೆ. ಆದರೂ ಸುಣ್ಣದ ಮಣ್ಣಿನಲ್ಲಿ ಕೆಲವೊಮ್ಮೆ ಸೋಲುತ್ತದೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಬೆರೆಸಿ ಎಳೆಯ ಚಿಗುರಿಗೆ ಸಿಂಪಡಿಸಿ. ಮುಂದಿನ ಕೊಯ್ಲಿಗೆ ಇನ್ನೂ ದಿನಗಳಿರುವಾಗ ಮಾತ್ರ ಇದನ್ನು ಮಾಡಬೇಕು.

ಬೇರು ಸ್ರವಿಸುವ ದ್ರವ್ಯಗಳ ಮಾತು ಬಂದದ್ದರಿಂದ ಹೇಳುತ್ತೇನೆ: ಬ್ರಾಕಿಯೇರಿಯಾ ಹ್ಯೂಮಿಡಿಕೋಲ ಎಂಬ ಹುಲ್ಲು ತನ್ನ ಬೇರಿನಿಂದ ಬ್ರಾಕಿಯಾಲ್ಯಾಕ್ಟೋನ್ ಎಂಬ ದ್ರವ್ಯ ಬಿಟ್ಟು, ಅಮೋನಿಯಂ ನೈಟ್ರೇಟ್ ಆಗಿ ಮಾರ್ಪಟ್ಟು ನೀರಿನೊಂದಿಗೆ ಸೋರಿಹೋಗುವುದನ್ನು ತಡೆಯುತ್ತದೆ. ಜಪಾನ್ ಮತ್ತು ಕೊಲಂಬಿಯಾದ ವಿಜ್ಞಾನಿಗಳು ಇದನ್ನು 2009ರಲ್ಲಿ ಪ್ರಕಟಿಸಿದರು. ಸುತ್ತ ಅಮೋನಿಯಂ ಇದ್ದಾಗಲೇ ಬೇರು ಇದನ್ನು ಹೆಚ್ಚು ಬಿಡುತ್ತದೆ. ಹುಲ್ಲಿನ ಬೇರು ಎಷ್ಟು ಎಚ್ಚರದಿಂದ ಮಣ್ಣನ್ನು ಗಮನಿಸುತ್ತದೆ ಎಂದು ತಿಳಿದಾಗ ನನಗೆ ನಿಜಕ್ಕೂ ಗೌರವ ಮೂಡಿತು.

ನಿಮ್ಮ ಹೊಲದಲ್ಲೇ ನಾಲ್ಕು ಪಟ್ಟಿ

ನನ್ನ ಅಳತೆಗಳನ್ನು ಹಾಗೆಯೇ ನಂಬಬೇಡಿ. ಒಂದೇ ಬಗೆಯ ಮಣ್ಣಿರುವ ಕಡೆ ಹತ್ತು ಹತ್ತು ಬುಡಗಳ ನಾಲ್ಕು ಪಟ್ಟಿ ಗುರುತಿಸಿ ಗೂಟ ನೆಡಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಯೂರಿಯಾ ಮಾತ್ರ. ಮೂರನೆಯದಕ್ಕೆ ಯೂರಿಯಾ, ರಂಜಕ, ಪೊಟ್ಯಾಶ್. ನಾಲ್ಕನೆಯದಕ್ಕೆ ತಿಪ್ಪೆ ಗೊಬ್ಬರದ ಜೊತೆ ಮೂರನೆಯದರ ಅರ್ಧ. ನೀರು, ಕೊಯ್ಲಿನ ದಿನ, ಮೋಟಿನ ಎತ್ತರ ಎಲ್ಲಕ್ಕೂ ಒಂದೇ ಇರಲಿ. ಪ್ರತಿ ಕೊಯ್ಲಿನ ತೂಕ ಬರೆದಿಡಿ.

ದೀಪಾವಳಿ ಕಳೆದ ಮೇಲೆ ಒಮ್ಮೆ, ಏಪ್ರಿಲ್ ಮೊದಲ ವಾರ ಇನ್ನೊಮ್ಮೆ, ಪ್ರತಿ ಪಟ್ಟಿಯಿಂದ ಮೇಲೆ ಹೇಳಿದಂತೆ ಎರಡೆರಡು ಗಟ್ಟಿ ತೆಗೆದು ತೊಳೆದು, ಬೇರನ್ನು ಮೂರು ದಿನ ಬಿಸಿಲಿಗೆ ಒಣಗಿಸಿ, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಮೇಲಿನ ಗಟ್ಟಿಯ ತೂಕ, ಕೆಳಗಿನದರ ತೂಕ ಬೇರೆ ಬೇರೆ ಬರೆಯಿರಿ. ನನ್ನ ಹೊಲದಲ್ಲಿ ದೀಪಾವಳಿಯ ಹೊತ್ತಿಗೆ ಎರಡನೆಯ ಪಟ್ಟಿಯ ಮೇವು ನಾಲ್ಕನೆಯದಕ್ಕೆ ಸರಿಸಮ ತೂಗಿತ್ತು. ಏಪ್ರಿಲ್‌ನಲ್ಲಿ ಕೆಳಗಿನ ಗಟ್ಟಿಗಳನ್ನು ತೊಳೆದಾಗ ನಾಲ್ಕನೆಯ ಪಟ್ಟಿಯದು ಮುಷ್ಟಿ ತುಂಬ ಬಿಳಿ ಬೇರು, ಎರಡನೆಯದು ಚಿಟಿಕೆಯಷ್ಟು. ಮೇ ತಿಂಗಳ ಕೊಯ್ಲಿನಲ್ಲಿ ಎರಡನೆಯ ಪಟ್ಟಿಯಿಂದ ಒಂದು ಹೊರೆಯೂ ಆಗಲಿಲ್ಲ.

ನಾಲ್ಕೈದು ವರ್ಷವಾದ ಬುಡದ ನಡುಭಾಗ ಸತ್ತು ಉಂಗುರದಂತೆ ಸುತ್ತ ಮಾತ್ರ ಚಿಗುರುತ್ತಿದ್ದರೆ ಯಾವ ಗೊಬ್ಬರದಿಂದಲೂ ಹಳೆಯ ಬೇರು ಮರಳುವುದಿಲ್ಲ. ಮೃಗಶಿರ ಮಳೆಗೆ ಅಂಥ ಬುಡ ಅಗೆದು, ಹೊರಸುತ್ತಿನ ಎಳೆಯ ತೆಂಡೆಗಳನ್ನು ಸೀಳಿ, ಹಳೆಯ ಸಾಲುಗಳ ನಡುವಿನ ಜಾಗದಲ್ಲಿ ಹೊಸ ಸಾಲು ತೆಗೆದು, ತಳಕ್ಕೆ ತಿಪ್ಪೆ ಗೊಬ್ಬರ, ಸೂಪರ್ ಫಾಸ್ಫೇಟ್ ಹಾಕಿ ನೆಡಿ. ಮೊದಲ ಎರಡು ತಿಂಗಳು ಸಾಲುಗಳ ನಡುವೆ ಅಲಸಂದೆ ಬಿತ್ತಿಕೊಂಡರೆ ಹೊಸ ಬುಡ ನಿಲ್ಲುವವರೆಗೆ ದನಕ್ಕೆ ಮೇವೂ ಆಗುತ್ತದೆ.